ಗುಂಡು ಹಾರಿದ ಸೆಕೆಂಡು, ಅದಕ್ಕೆ ಮೊದಲಿನ ಅರ್ಧ ಗಂಟೆ

ಪ್ರಶ್ನೆ: ನನ್ನ ತಮ್ಮ ಪಿಎಸ್‌ಐ. ಹೋದ ತಿಂಗಳು ಕೊಲೆ ಕೇಸಿನ ಆರೋಪಿಯೊಬ್ಬನನ್ನು ಬೆಳಗಿನ ಜಾವ ಮಹಜರಿಗೆ ಕರೆದುಕೊಂಡು ಹೋಗಿದ್ದಾಗ ಅವನು ಪೊದೆಯಲ್ಲಿ ಬಚ್ಚಿಟ್ಟಿದ್ದ ಮಚ್ಚು ತೆಗೆದು ಕಾನ್‌ಸ್ಟೆಬಲ್ ಮೇಲೆ ಬೀಸಿದನಂತೆ. ತಮ್ಮ ಗುಂಡು ಹಾರಿಸಿದ. ಕಾಲಿಗೆ ಬಿತ್ತು, ಆರೋಪಿ ಆಸ್ಪತ್ರೆಯಲ್ಲಿದ್ದಾನೆ. ಈಗ ವಿಚಾರಣೆ ಅಂತೆ. ‘ಕಣ್ಣು ಮಿಟುಕಿಸುವಷ್ಟರಲ್ಲಿ ಮಾಡಿದ್ದನ್ನು ಎಸಿ ರೂಮಿನಲ್ಲಿ ಕೂತವರು ವರ್ಷಗಟ್ಟಲೆ ತೂಗುತ್ತಾರೆ ಅಕ್ಕ’ ಅಂತ ತಮ್ಮ ಬೇಸರಪಟ್ಟುಕೊಂಡ. ಅವನಿಗೆ ಸರಿಯಾಗಿ ನಿದ್ದೆಯಿಲ್ಲ. ಇತ್ತ ಒಂಬತ್ತನೇ ಕ್ಲಾಸಿನ ನನ್ನ ಮಗ ಪೇಪರ್ ಓದಿ, ‘ಅಮ್ಮ, ಎಲ್ಲ ಊರಲ್ಲೂ ಗುಂಡು ಕಾಲಿಗೇ ಯಾಕೆ ಬೀಳುತ್ತೆ?’ ಅಂತ ಕೇಳುತ್ತಾನೆ. ಏನು ಹೇಳಲಿ? ಇಂಥ ವಿಚಾರಣೆ ನ್ಯಾಯವಾ? ತಮ್ಮನ ಅಂದಾಜು ತಪ್ಪಾಗಿದ್ದರೆ ಜೈಲಾಗುತ್ತದಾ? ಬಡಾವಣೆಯ ಸಂಘದವರು ಮುಂದಿನ ಭಾನುವಾರ ಅವನಿಗೆ ಸನ್ಮಾನ ಇಟ್ಟುಕೊಂಡಿದ್ದಾರೆ, ಹೋಗಬಹುದಾ?
– ಹೆಸರು ಬೇಡ, ದಾವಣಗೆರೆ

ಉತ್ತರ: ನಿಮ್ಮ ಮಗ ಕೇಳಿದ ಪ್ರಶ್ನೆಯನ್ನೇ ಸೆಷನ್ಸ್ ಕೋರ್ಟಿನಲ್ಲಿ ವಕೀಲನಾಗಿ ನಾನೂ ಕೇಳಿದ್ದೇನೆ, ಸ್ವಲ್ಪ ಉದ್ದ ಮಾಡಿ. ಅಲ್ಲಿಂದಲೇ ಶುರು ಮಾಡೋಣ. ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ: ನಿಮ್ಮ ತಮ್ಮನ ಕೇಸಿನ ಕಾಗದ ನಾನು ನೋಡಿಲ್ಲ. ಅವರು ಮಾಡಿದ್ದು ಸರಿಯೋ ತಪ್ಪೋ ಎಂದು ಇಲ್ಲಿ ಹೇಳುವುದಿಲ್ಲ. ಅದನ್ನು ಹೇಗೆ ಅಳೆಯುತ್ತಾರೆ ಎಂಬುದನ್ನಷ್ಟೇ ಹೇಳಬಲ್ಲೆ.

ಪೇಪರಿನ ಆ ಸುದ್ದಿ ನಮಗೆಲ್ಲ ಬಾಯಿಪಾಠ. ‘ಸ್ಥಳ ಮಹಜರಿಗೆ ಕರೆದೊಯ್ದಾಗ ಪೊಲೀಸರ ಮೇಲೆ ಹಲ್ಲೆ ನಡೆಸಿ ಪರಾರಿಯಾಗಲು ಯತ್ನಿಸಿದ. ಗಾಳಿಯಲ್ಲಿ ಒಂದು ಸುತ್ತು ಗುಂಡು ಹಾರಿಸಿ ಶರಣಾಗುವಂತೆ ಎಚ್ಚರಿಕೆ ನೀಡಿದರೂ ಕೇಳದಿದ್ದಾಗ ಆತ್ಮರಕ್ಷಣೆಗಾಗಿ ಬಲಗಾಲಿಗೆ ಗುಂಡು ಹಾರಿಸಲಾಯಿತು. ಗಾಯಾಳು ಕಾನ್‌ಸ್ಟೆಬಲ್ ಆಸ್ಪತ್ರೆಗೆ ದಾಖಲು.’ ಊರಿನ ಹೆಸರು ಬದಲಾಗುತ್ತದೆ, ಬಲಗಾಲು ಎಡಗಾಲಾಗುತ್ತದೆ. ಉತ್ತರ ಪ್ರದೇಶದಲ್ಲಿ ಇಂಥದ್ದಕ್ಕೆ ಜನ ‘ಆಪರೇಷನ್ ಲಂಗ್ಡಾ’ (ಲಂಗ್ಡಾ ಅಂದರೆ ಕುಂಟ) ಅಂತ ಹೆಸರನ್ನೇ ಇಟ್ಟುಬಿಟ್ಟರು. ಇವೆಲ್ಲ ಸುಳ್ಳು ಅಂತ ನಾನು ಹೇಳುತ್ತಿಲ್ಲ. ಮಚ್ಚು ಬೀಸುವವರು ಇದ್ದಾರೆ, ಕೈ ಕತ್ತರಿಸಿಕೊಂಡ ಕಾನ್‌ಸ್ಟೆಬಲ್‌ಗಳನ್ನು ಕಂಡಿದ್ದೇನೆ. ಆದರೆ ಹತ್ತು ಊರಿನ ಹತ್ತು ಜೀವಭಯಗಳು ಒಂದೇ ವಾಕ್ಯದಲ್ಲಿ ಬರೆಸಿಕೊಂಡರೆ ಒಂಬತ್ತನೇ ಕ್ಲಾಸಿನ ಹುಡುಗನಿಗೂ ಅನುಮಾನ ಬರುತ್ತದೆ. ಅದರ ಪೆಟ್ಟು ಬೀಳುವುದು ನಿಜವಾಗಿಯೂ ಜೀವಭಯದಲ್ಲಿ ಗುಂಡು ಹಾರಿಸಿದವನಿಗೆ.

ಕಾಲಿನ ವಿಷಯ. ಓಡುವವನ ಕಾಲು ತೆಳ್ಳಗಿನ ಗುರಿ, ಒಂದು ಕ್ಷಣವೂ ಒಂದು ಕಡೆ ನಿಲ್ಲುವುದಿಲ್ಲ. ನಸುಕಿನ ಬೆಳಕು, ಎದೆ ಡವಡವ, ಕೈಯಲ್ಲಿ ಪಿಸ್ತೂಲು. ರೇಂಜಿನಲ್ಲಿ ಅಲುಗಾಡದೆ ನಿಂತ ಗುರಿಹಲಗೆಗೇ ಗುಂಡು ತಪ್ಪುತ್ತದೆ. ಅದಕ್ಕೇ ಹಲವು ದೇಶಗಳಲ್ಲಿ ಪೊಲೀಸರಿಗೆ ಕಾಲಿಗೆ ಗುರಿಯಿಡಲು ಕಲಿಸುವುದಿಲ್ಲ. ಜೀವ ಹೋಗುವ ಪ್ರಸಂಗ ಬಂದರೆ ಮಾತ್ರ ಹಾರಿಸು, ಹಾರಿಸಿದರೆ ದೇಹದ ಮಧ್ಯಕ್ಕೆ ಹಾರಿಸು ಅನ್ನುತ್ತಾರೆ. ಗುರಿ ತಪ್ಪಿದ ಗುಂಡು ಹಿಂದಿನ ಮನೆಯ ಗೋಡೆ ಹೊಕ್ಕೀತು ಎಂಬ ಭಯವೂ ಅವರಿಗಿದೆ. ನಮ್ಮಲ್ಲಿ ಕಾಲಿಗೆ ಹೊಡೆಯುವುದು ದಯೆಯ ಲಕ್ಷಣ. ದಯೆ ಇರಲೂಬಹುದು. ಆದರೆ ಕೋರ್ಟಿನಲ್ಲಿ ಪ್ರಶ್ನೆ ತಿರುಗಿ ನಿಲ್ಲುತ್ತದೆ: ಮೊಣಕಾಲಿನ ಕೆಳಗೆ ಅಂತ ಆರಿಸಿಕೊಳ್ಳುವಷ್ಟು ಪುರುಸೊತ್ತು ಇತ್ತು ಅಂದರೆ, ಆ ಹೊತ್ತಿನಲ್ಲಿ ಜೀವಭಯ ಎಷ್ಟಿತ್ತು? ಎರಡು ಮಾರು ದೂರದಲ್ಲಿ ಮಚ್ಚು ಎತ್ತಿ ನಿಂತವನಿಗೂ, ಬೆನ್ನು ತಿರುಗಿಸಿ ಓಡುತ್ತಿದ್ದವನಿಗೂ ಅಜಗಜಾಂತರ ವ್ಯತ್ಯಾಸ. ಗುಂಡು ಹೊಕ್ಕ ಗಾಯ ಮೊಣಕಾಲಿನ ಮುಂದಿದೆಯೋ ಹಿಂದಿದೆಯೋ ಅನ್ನುವುದನ್ನು ವೂಂಡ್ ಸರ್ಟಿಫಿಕೇಟಿನ ಒಂದು ಸಾಲು ಹೇಳಿಬಿಡುತ್ತದೆ.

ಕಾಲಿಗೆ ಹೊಡೆದರೆ ಸಣ್ಣ ಗುಂಡು, ಎದೆಗೆ ಹೊಡೆದರೆ ದೊಡ್ಡ ಗುಂಡು ಅನ್ನುವ ಲೆಕ್ಕ ಕಾನೂನಿನಲ್ಲಿ ಇಲ್ಲ. ತೊಡೆಯ ದೊಡ್ಡ ರಕ್ತನಾಳ ಹರಿದರೆ ಆಂಬುಲೆನ್ಸ್ ಬರುವುದರೊಳಗೆ ಮನುಷ್ಯ ಹೋಗಿಬಿಡುತ್ತಾನೆ. ಎನ್‌ಕೌಂಟರ್ ಸಾವುಗಳ ತನಿಖೆ ಹೇಗಿರಬೇಕು ಎಂದು ಸುಪ್ರೀಂ ಕೋರ್ಟ್ 2014ರ ಸೆಪ್ಟೆಂಬರ್ 23ರಂದು 16 ಅಂಶಗಳ ಮಾರ್ಗಸೂಚಿ ಕೊಟ್ಟಿತು. ಪಿಯುಸಿಎಲ್ ಎಂಬ ನಾಗರಿಕ ಹಕ್ಕುಗಳ ಸಂಸ್ಥೆ ಮಹಾರಾಷ್ಟ್ರ ಸರ್ಕಾರದ ವಿರುದ್ಧ ಹೂಡಿದ್ದ ಪ್ರಕರಣ ಅದು. ಸಾವಾಗದೆ ತೀವ್ರ ಗಾಯವಾದಾಗಲೂ ಸಾಧ್ಯವಾದ ಮಟ್ಟಿಗೆ ಇದೇ ನಿಯಮ ಪಾಲಿಸಿ ಎಂಬ ಮಾತು ಆ ತೀರ್ಪಿನಲ್ಲೇ ಇದೆ. ಹಾಗಾಗಿ ‘ಸತ್ತಿಲ್ಲವಲ್ಲ, ಇನ್ನೇಕೆ ವಿಚಾರಣೆ’ ಅನ್ನುವ ಮಾತು ನಿಲ್ಲುವುದಿಲ್ಲ.

ಈಗ ‘ವಿಚಾರಣೆ ನ್ಯಾಯವಾ’ ಅನ್ನುವ ಪ್ರಶ್ನೆ. ಕೊಲ್ಲುವುದಕ್ಕೆ ಅಂತ ಪೊಲೀಸರಿಗೆ ನಮ್ಮ ಕಾನೂನು ಬೇರೆ ಪರವಾನಗಿ ಕೊಟ್ಟಿಲ್ಲ. ಇದನ್ನು ಖಂಡತುಂಡವಾಗಿ ಹೇಳಿದವರು ನಮ್ಮ ಬೆಂಗಳೂರಿನ ನ್ಯಾಯಮೂರ್ತಿ ಎಂ.ಎನ್. ವೆಂಕಟಾಚಲಯ್ಯ. ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗದ ಅಧ್ಯಕ್ಷರಾಗಿದ್ದಾಗ, 1997ರ ಮಾರ್ಚ್‌ನಲ್ಲಿ, ಆಂಧ್ರದ ಎನ್‌ಕೌಂಟರ್ ದೂರುಗಳ ಹಿನ್ನೆಲೆಯಲ್ಲಿ ಅವರು ಮುಖ್ಯಮಂತ್ರಿಗಳಿಗೆಲ್ಲ ಪತ್ರ ಬರೆದರು. ಅದರ ತಿರುಳು ಇಷ್ಟು: ಸಾಮಾನ್ಯ ಮನುಷ್ಯನಿಗೆ ಇರುವ ಆತ್ಮರಕ್ಷಣೆಯ ಹಕ್ಕೇ ಪೊಲೀಸನಿಗೂ ಇರುವುದು. ಅದರೊಳಗೆ ಬಾರದ ಸಾವು ಅಪರಾಧವೇ, ಮತ್ತು ಒಳಗೆ ಬರುತ್ತದೋ ಇಲ್ಲವೋ ಎಂಬುದು ತನಿಖೆಯಿಂದಲೇ ತಿಳಿಯಬೇಕು. ಹಳೆಯ ಐಪಿಸಿಯ ಜಾಗಕ್ಕೆ ಬಂದ ಭಾರತೀಯ ನ್ಯಾಯ ಸಂಹಿತೆಯ 34ರಿಂದ 44ನೇ ಕಲಮುಗಳಲ್ಲಿ ಆ ಹಕ್ಕಿದೆ. ಸಾವು ಅಥವಾ ತೀವ್ರ ಗಾಯದ ಭಯ ಸಕಾರಣವಾಗಿದ್ದರೆ ಎದುರಾಳಿಯ ಜೀವ ತೆಗೆಯುವವರೆಗೂ ಹೋಗಬಹುದು ಅನ್ನುತ್ತದೆ 38. ಅಗತ್ಯಕ್ಕಿಂತ ಹೆಚ್ಚು ಹಾನಿ ಮಾಡಕೂಡದು ಅನ್ನುತ್ತದೆ 37. ಇಂಥ ಪ್ರಸಂಗದಲ್ಲಿ ಇದರ ಜೊತೆ ಪೊಲೀಸರಿಗೆ ಇರುವ ಹೆಚ್ಚುವರಿ ಅಧಿಕಾರ ಬಂಧನದ್ದು. ಬಂಧನಕ್ಕೆ ಪ್ರತಿರೋಧ ಒಡ್ಡುವವನ ಮೇಲೆ ಬೇಕಾದಷ್ಟು ಬಲ ಬಳಸಬಹುದು. ಆದರೆ ಮರಣದಂಡನೆ ಇಲ್ಲವೇ ಜೀವಾವಧಿಗೆ ಒಳಗಾಗುವ ಅಪರಾಧದ ಆರೋಪ ಇಲ್ಲದವನ ಜೀವ ತೆಗೆಯುವ ಹಕ್ಕು ಇದರಿಂದ ಬರುವುದಿಲ್ಲ ಎಂದು ಹಳೆಯ ಸಿಆರ್‌ಪಿಸಿಯ ಜಾಗಕ್ಕೆ ಬಂದ ನಾಗರಿಕ ಸುರಕ್ಷಾ ಸಂಹಿತೆಯ 43(4) ಕಟ್ಟು ಹಾಕಿದೆ. ಸರ ಕಿತ್ತು ಓಡುವವನನ್ನು ‘ಓಡಿದ’ ಅನ್ನುವ ಒಂದೇ ಕಾರಣಕ್ಕೆ ಕೊಲ್ಲುವಂತಿಲ್ಲ ಅಂತ ಅರ್ಥ.

ನಿಮ್ಮ ತಮ್ಮನಿಗೆ ಸಮಾಧಾನ ಕೊಡುವ ಮಾತೂ ಇದೆ. ಆತ್ಮರಕ್ಷಣೆಯನ್ನು ಚಿನ್ನ ತೂಗುವ ತಕ್ಕಡಿಯಲ್ಲಿ ತೂಗಬಾರದು ಎಂದು ನಮ್ಮ ಕೋರ್ಟುಗಳು ದಶಕಗಳಿಂದ ಹೇಳುತ್ತ ಬಂದಿವೆ. ಮಚ್ಚಿನೆದುರು ನಿಂತವನು ಗುಲಗಂಜಿ ಲೆಕ್ಕ ಹಾಕಲಾರ ಎಂಬುದು ನ್ಯಾಯಾಧೀಶರಿಗೆ ಗೊತ್ತು. ಆತ್ಮರಕ್ಷಣೆ ಅನ್ನುವವನೇ ಅದನ್ನು ತೋರಿಸಬೇಕು, ನಿಜ. ಆದರೆ ಸರ್ಕಾರ ಅಪರಾಧ ಸಾಬೀತು ಮಾಡುವಷ್ಟು ಗಟ್ಟಿಯಾಗಿ ಬೇಕಿಲ್ಲ, ಹಾಗೆ ನಡೆದಿರುವ ಸಂಭವವೇ ಹೆಚ್ಚು ಅನ್ನಿಸಿದರೆ ಸಾಕು. ಎಸಿ ರೂಮಿನವರು ಆ ಒಂದು ಸೆಕೆಂಡನ್ನು ತೂಗುವಾಗ ನಿಮ್ಮ ತಮ್ಮ ಅಂದುಕೊಂಡಷ್ಟು ಕಠಿಣವಾಗಿರುವುದಿಲ್ಲ.

ನನ್ನ ಅನುಭವದಲ್ಲಿ ಪೊಲೀಸ್ ಅಧಿಕಾರಿಗಳು ಸಿಕ್ಕಿಬೀಳುವುದು ಆ ಸೆಕೆಂಡಿನಲ್ಲಿ ಅಲ್ಲವೇ ಅಲ್ಲ. ಅದಕ್ಕೆ ಮೊದಲಿನ ಅರ್ಧ ಗಂಟೆಯಲ್ಲಿ, ಇಲ್ಲವೇ ಆಮೇಲಿನ ಎರಡು ಗಂಟೆಯಲ್ಲಿ.

ಮೊದಲಿನದನ್ನು ನೋಡಿ. 2016ರಲ್ಲಿ ಅಮೆರಿಕದ ಹ್ಯೂಸ್ಟನ್ ಹತ್ತಿರ ಟೋಲ್ ಬಾಕಿ ಇದ್ದ ಕಾರೊಂದನ್ನು ಪೊಲೀಸ್ ಅಧಿಕಾರಿಯೊಬ್ಬ ನಿಲ್ಲಿಸಿದ. ಮಾತಿನ ನಡುವೆ ಕಾರು ಹೊರಟಿತು. ಅಧಿಕಾರಿ ಹಾರಿ ಬಾಗಿಲ ಪಟ್ಟಿಯ ಮೇಲೆ ನಿಂತ, ಓಡುವ ಕಾರಿನಲ್ಲಿ ಜೋತುಬಿದ್ದು ಗುಂಡು ಹಾರಿಸಿದ. ಚಾಲಕ ಸತ್ತ. ಕೆಳಗಿನ ಕೋರ್ಟುಗಳು ಗುಂಡಿಗೆ ಮುಂಚಿನ ಎರಡು ಸೆಕೆಂಡನ್ನು ಮಾತ್ರ ನೋಡಿದವು. ಆ ಎರಡು ಸೆಕೆಂಡಿನಲ್ಲಿ ಅಧಿಕಾರಿಯ ಜೀವಕ್ಕೆ ಅಪಾಯ ಇದ್ದದ್ದು ಖರೆಯೇ, ಅಲ್ಲಿಗೆ ಮುಗಿಯಿತು ಅಂದವು. 2025ರ ಮೇ 15ರಂದು ಅಮೆರಿಕದ ಸುಪ್ರೀಂ ಕೋರ್ಟ್ ಒಮ್ಮತದಿಂದ ಈ ಲೆಕ್ಕವನ್ನು ತಳ್ಳಿಹಾಕಿತು. ಆ ಗಳಿಗೆ ಹೇಗೆ ಬಂತು ಎಂಬುದನ್ನೂ ಸೇರಿಸಿ ಇಡೀ ಸಂದರ್ಭವನ್ನು ನೋಡಬೇಕು ಅಂದಿತು. ಗಮನಿಸಿ, ಅಧಿಕಾರಿ ತಪ್ಪಿತಸ್ಥ ಎಂದು ಅದು ಹೇಳಲಿಲ್ಲ. ಎರಡು ಸೆಕೆಂಡಿನ ಕಿಂಡಿಯಿಂದ ನೋಡಬೇಡಿ ಎಂದಷ್ಟೇ ಹೇಳಿತು.

ನಮ್ಮ ಕಾನೂನಿನಲ್ಲಿ ಈ ಮಾತು ಮೊದಲಿನಿಂದಲೂ ಒಂದು ಮೂಲೆಯಲ್ಲಿ ಕೂತಿದೆ. ಕರ್ತವ್ಯದ ಮೇಲಿದ್ದ ಸರ್ಕಾರಿ ನೌಕರ ಸದ್ಭಾವನೆಯಿಂದ, ದ್ವೇಷವಿಲ್ಲದೆ, ತನ್ನ ಅಧಿಕಾರದ ಗೆರೆ ದಾಟಿ ಸಾವಿಗೆ ಕಾರಣನಾದರೆ ಅದು ಕೊಲೆಯಲ್ಲ, ಕೊಲೆಯಲ್ಲದ ನರಹತ್ಯೆ. ಹಳೆಯ ಐಪಿಸಿ 300ರ ಮೂರನೇ ವಿನಾಯಿತಿ, ಈಗ ನ್ಯಾಯ ಸಂಹಿತೆಯ 101ರಲ್ಲಿದೆ. ಶಿಕ್ಷೆ ಕಡಿಮೆ, ಖುಲಾಸೆಯಲ್ಲ. ನಿಮ್ಮ ‘ಅಂದಾಜು ತಪ್ಪಾಗಿದ್ದರೆ’ ಎಂಬ ಪ್ರಶ್ನೆಯ ಅರ್ಧ ಉತ್ತರ ಇದು. ಇನ್ನರ್ಧ ‘ಸದ್ಭಾವನೆ’ ಎಂಬ ಪದದಲ್ಲಿದೆ. ಆಡುಮಾತಿನಲ್ಲಿ ಸದ್ಭಾವನೆ ಅಂದರೆ ಮನಸ್ಸು ಒಳ್ಳೆಯದಿತ್ತು ಅಂತ. ಸಂಹಿತೆಯ ಎರಡನೇ ಕಲಮಿನ ವ್ಯಾಖ್ಯೆ ಬೇರೆ: ತಕ್ಕ ಎಚ್ಚರ, ಗಮನ ಇಲ್ಲದೆ ಮಾಡಿದ್ದು ಯಾವುದೂ ಸದ್ಭಾವನೆಯದ್ದಲ್ಲ. ಮನಸ್ಸು ಎಷ್ಟೇ ಚೊಕ್ಕವಿರಲಿ, ತಯಾರಿ ಇಲ್ಲದೆ ಹೋದದ್ದಾದರೆ ಈ ವಿನಾಯಿತಿ ಕೈಗೆ ಸಿಗುವುದಿಲ್ಲ.

ಹಾಗಾದರೆ ಮಹಜರಿಗೆ ಹೊರಟ ಆ ಬೆಳಗಿನ ಜಾವದಲ್ಲಿ ನಾನು ಎದುರು ವಕೀಲನಾಗಿ ಕೇಳುವುದೇನು? ಕತ್ತಲಿರುವಾಗ ಯಾಕೆ, ಎಂಟು ಗಂಟೆಗೆ ಹೋಗಿದ್ದರೆ ಆ ಮಚ್ಚು ಓಡಿಹೋಗುತ್ತಿತ್ತಾ? ಎಷ್ಟು ಸಿಬ್ಬಂದಿ ಇದ್ದರು? ಆರೋಪಿಯೇ ‘ಮಾಲು ಇಲ್ಲಿದೆ’ ಅಂತ ತೋರಿಸಿದ ಪೊದೆಗೆ ಅವನನ್ನೇ ಮೊದಲು ಕೈಹಾಕಲು ಬಿಟ್ಟವರು ಯಾರು? ಪಂಚರು, ಅಂದರೆ ಮಹಜರಿನ ಸಾಕ್ಷಿಗಳು, ಎಲ್ಲಿ ನಿಂತಿದ್ದರು? 2024ರ ಜುಲೈ 1ರಿಂದ ಜಾರಿಗೆ ಬಂದ ನಾಗರಿಕ ಸುರಕ್ಷಾ ಸಂಹಿತೆಯ 105ನೇ ಕಲಮಿನ ಪ್ರಕಾರ ಶೋಧ, ಜಪ್ತಿ ಎಲ್ಲವನ್ನೂ ವಿಡಿಯೊ ಮಾಡಬೇಕು, ಮೊಬೈಲಿನಲ್ಲಾದರೂ ಸರಿ. ಮಾಲು ಜಪ್ತಿಗೆಂದೇ ಹೋಗಿದ್ದಿರಿ ಅಂದಮೇಲೆ ಮಚ್ಚು ಎತ್ತಿದ ಗಳಿಗೆಯಲ್ಲಿ ಒಂದು ಮೊಬೈಲಾದರೂ ಚಾಲೂ ಇರಬೇಕಿತ್ತಲ್ಲ? ಈ ಪ್ರಶ್ನೆಗೆ ‘ಬ್ಯಾಟರಿ ಮುಗಿದಿತ್ತು’ ಅನ್ನುವ ಉತ್ತರ ಒಮ್ಮೆ ನಡೆದೀತು.

ಕೋಳದ ಪ್ರಶ್ನೆಯೂ ಬರುತ್ತದೆ. ಇಲ್ಲಿ ಪೊಲೀಸರ ಪರವಾಗಿ ಒಂದು ಮಾತು ಹೇಳಲೇಬೇಕು. ಕೋಳ ಹಾಕಿದರೂ ಕಷ್ಟ, ಹಾಕದಿದ್ದರೂ ಕಷ್ಟ ಅಂತ ಅವರು ಗೊಣಗುವುದರಲ್ಲಿ ನ್ಯಾಯವಿದೆ. ಕಾರಣವಿಲ್ಲದೆ ಕೋಳ ಹಾಕಿ ಮೆರವಣಿಗೆ ಮಾಡಿಸಿದ್ದಕ್ಕೆ ನಮ್ಮ ಹೈಕೋರ್ಟಿನ ಧಾರವಾಡ ಪೀಠ 2022ರಲ್ಲಿ ಕಾನೂನು ವಿದ್ಯಾರ್ಥಿಯೊಬ್ಬರಿಗೆ 2 ಲಕ್ಷ ರೂಪಾಯಿ ಪರಿಹಾರ ಕೊಡಿಸಿತು, ಬಂಧಿಸುವ ಅಧಿಕಾರಿಗಳಿಗೆ ಮೈಮೇಲೆ ಧರಿಸುವ ಕ್ಯಾಮೆರಾ ಕೊಡಿ ಎಂದೂ ಹೇಳಿತು. ಈಗಿನ ಸುರಕ್ಷಾ ಸಂಹಿತೆಯ 43(3) ಕೊಲೆ, ಅತ್ಯಾಚಾರದಂಥ ಪ್ರಕರಣಗಳಲ್ಲಿ ಬಂಧಿಸುವಾಗ, ಕೋರ್ಟಿಗೆ ಹಾಜರುಪಡಿಸುವಾಗ ಕೋಳಕ್ಕೆ ಅವಕಾಶ ಕೊಟ್ಟಿದೆ. ಮಹಜರಿಗೆ ಒಯ್ಯುವಾಗ ಅನ್ನುವ ಮಾತು ಅದರಲ್ಲಿಲ್ಲ. ಆದರೆ ಆರೋಪಿ ಪೊಲೀಸ್ ಕಸ್ಟಡಿಯಲ್ಲಿರುವುದೇ ಮ್ಯಾಜಿಸ್ಟ್ರೇಟರ ಆದೇಶದಿಂದ. ‘ಈತ ಹಿಂದೆ ಹೀಗೆ ಮಾಡಿದ್ದಾನೆ, ಕೋಳಕ್ಕೆ ಅನುಮತಿ ಕೊಡಿ’ ಎಂದು ಅಲ್ಲಿಯೇ ಒಂದು ಅರ್ಜಿ ಹಾಕಿದ್ದರೆ ಆ ಒಂದು ಹಾಳೆ ಎಷ್ಟೋ ಗುಂಡುಗಳನ್ನು ಉಳಿಸುತ್ತಿತ್ತು. ಅರ್ಜಿ ತಿರಸ್ಕಾರವಾದರೂ ‘ಕೇಳಿದ್ದೆವು’ ಎಂಬ ದಾಖಲೆ ಉಳಿಯುತ್ತಿತ್ತು.

ಇನ್ನು ಆಮೇಲಿನ ಎರಡು ಗಂಟೆ. ದೆಹಲಿಯ ಕನಾಟ್ ಪ್ಲೇಸಿನ ಪ್ರಕರಣವನ್ನು ಪ್ರತಿ ಪಿಎಸ್‌ಐಗೂ ತರಬೇತಿಯಲ್ಲೇ ಓದಿಸಬೇಕು ಅನ್ನುವುದು ನನ್ನ ಹಳೆಯ ಹಟ. 1997ರ ಮಾರ್ಚ್ 31. ಕ್ರೈಂ ಬ್ರಾಂಚಿನವರು ಉತ್ತರ ಪ್ರದೇಶದ ಗ್ಯಾಂಗ್‌ಸ್ಟರ್ ಒಬ್ಬನ ಬೆನ್ನು ಹತ್ತಿದ್ದರು. ಮಾರುತಿ ಎಸ್ಟೀಮ್ ಕಾರಿನಲ್ಲಿ ಅವನೇ ಇದ್ದಾನೆ ಎಂದು ನಂಬಿದರು. ಹಾಡಹಗಲು, ಜನನಿಬಿಡ ಜಾಗದಲ್ಲಿ ಕಾರನ್ನು ಸುತ್ತುವರಿದು ಗುಂಡಿನ ಮಳೆಗರೆದರು. ಇಬ್ಬರು ಸತ್ತರು, ಮೂರನೆಯವರು ಗಾಯಗೊಂಡರು. ಅವರು ಗ್ಯಾಂಗಿನವರಲ್ಲ, ವ್ಯಾಪಾರಸ್ಥರು. ಇಲ್ಲಿಯವರೆಗೆ ಇದನ್ನು ಭೀಕರ ತಪ್ಪು ಅನ್ನಬಹುದಿತ್ತು. ಆದರೆ ಪೊಲೀಸರು ‘ಕಾರಿನೊಳಗಿಂದ ಮೊದಲು ಗುಂಡು ಬಂತು’ ಅಂದರು. ಕಾರಿನಲ್ಲಿ ಒಂದು ಪಿಸ್ತೂಲೂ ಸಿಕ್ಕಿತು. ಅದು ಪೊಲೀಸರೇ ತಂದಿಟ್ಟ ಪಿಸ್ತೂಲು ಎಂದು ಸಿಬಿಐ ತೋರಿಸಿತು, ಕೋರ್ಟು ನಂಬಿತು. ಎಸಿಪಿ ಸೇರಿ 10 ಮಂದಿಗೆ ಜೀವಾವಧಿ ಶಿಕ್ಷೆ. 2011ರಲ್ಲಿ ಸುಪ್ರೀಂ ಕೋರ್ಟೂ ಎತ್ತಿಹಿಡಿಯಿತು. ಗುರುತು ತಪ್ಪಿತು ಎಂದು ಒಪ್ಪಿಕೊಂಡಿದ್ದರೆ ವಾದಕ್ಕೆ ಏನಾದರೂ ಉಳಿಯುತ್ತಿತ್ತು. ಪಿಸ್ತೂಲು ಇಟ್ಟ ಕೈಯೇ ಸದ್ಭಾವನೆಯ ಬಾಗಿಲಿಗೆ ಹೊರಗಿನಿಂದ ಬೀಗ ಹಾಕಿತು.

ಹೈದರಾಬಾದಿನದ್ದು ನಿಮಗೆ ನೆನಪಿರುತ್ತದೆ. 2019ರ ಡಿಸೆಂಬರ್ 6ರ ಬೆಳಗಿನ ಜಾವ, ಪಶುವೈದ್ಯೆಯ ಅತ್ಯಾಚಾರ ಮತ್ತು ಕೊಲೆಯ ನಾಲ್ವರು ಆರೋಪಿಗಳು ಶಾದ್‌ನಗರದ ಬಳಿ ಪೊಲೀಸರ ಗುಂಡಿಗೆ ಸತ್ತರು. ಕಣ್ಣಿಗೆ ಮಣ್ಣೆರಚಿ ಪಿಸ್ತೂಲು ಕಿತ್ತುಕೊಂಡು ಗುಂಡು ಹಾರಿಸಿದರು ಎಂದು ಪೊಲೀಸರು ಹೇಳಿದರು. ಜನ ಪೊಲೀಸರ ಮೇಲೆ ಹೂವಿನ ಪಕಳೆ ಚೆಲ್ಲಿದರು. ನ್ಯಾಯಮೂರ್ತಿ ವಿ.ಎಸ್. ಸಿರ್ಪುರ್ಕರ್ ಆಯೋಗದ ವರದಿ 2022ರ ಮೇ ತಿಂಗಳಲ್ಲಿ ಹೊರಬಂದಾಗ ಚಿತ್ರ ತಲೆಕೆಳಗಾಗಿತ್ತು. ಪಿಸ್ತೂಲು ಕಿತ್ತುಕೊಂಡ ಕಥೆ ನಂಬಲರ್ಹವಲ್ಲ, ಸಾಯಿಸಬೇಕೆಂದೇ ಗುಂಡು ಹಾರಿಸಿದ್ದಾರೆ, 10 ಪೊಲೀಸರನ್ನು ಕೊಲೆ ಆರೋಪದ ಮೇಲೆ ವಿಚಾರಣೆಗೆ ಒಳಪಡಿಸಿ ಎಂದಿತ್ತು ವರದಿ. ಸತ್ತವರಲ್ಲಿ ಮೂವರು ಬಾಲಾಪರಾಧಿ ವಯಸ್ಸಿನವರು ಎಂದೂ ಹೇಳಿತ್ತು. ಮೇಲೆ ಹೇಳಿದ ಆ ಮೂರನೇ ವಿನಾಯಿತಿಯನ್ನು ಆಯೋಗ ಇವರಿಗೆ ಕೊಡಲಿಲ್ಲ, ಸದ್ಭಾವನೆಯ ಮಾತನ್ನೇ ಅದು ನಂಬಿರಲಿಲ್ಲ. ಪ್ರಕರಣ ತೆಲಂಗಾಣ ಹೈಕೋರ್ಟಿಗೆ ಹೋಯಿತು. 2025ರ ಏಪ್ರಿಲ್‌ನಲ್ಲಿ ಹುಬ್ಬಳ್ಳಿಯಲ್ಲಿ ಐದು ವರ್ಷದ ಮಗುವಿನ ಕೊಲೆ ಆರೋಪಿ ಅಂದೇ ಪೊಲೀಸರ ಗುಂಡಿಗೆ ಬಲಿಯಾದಾಗಲೂ ಬೀದಿಯಲ್ಲಿ ಜೈಕಾರ ಕೇಳಿತು. ತನಿಖೆ ಸಿಐಡಿಗೆ ಹೋಯಿತು, ವಿಷಯ ಹೈಕೋರ್ಟಿನ ಮೆಟ್ಟಿಲೇರಿತು. ಆ ಮಗುವನ್ನು ನೆನೆದರೆ ಹೊಟ್ಟೆಯಲ್ಲಿ ಬೆಂಕಿ ಬೀಳುತ್ತದೆ, ನನಗೂ. ಆದರೆ ಆರೋಪಿ ಸತ್ತ ದಿನವೇ ಆ ಕೇಸಿನ ವಿಚಾರಣೆಯೂ ಸತ್ತುಹೋಗುತ್ತದೆ. ಸಿಕ್ಕವನೇ ಆ ಕೆಲಸ ಮಾಡಿದವನೋ, ಜೊತೆಗೆ ಇನ್ಯಾರಾದರೂ ಇದ್ದರೋ ಎಂದು ಯಾವ ಕೋರ್ಟೂ ಹೇಳಲು ಉಳಿಯುವುದಿಲ್ಲ.

ಹಾಗಂತ ಹೊಣೆಗಾರಿಕೆಯ ವ್ಯವಸ್ಥೆ ಚೆನ್ನಾಗಿ ನಡೆಯುತ್ತಿದೆ ಎಂದುಕೊಳ್ಳಬೇಡಿ. ದೊಡ್ಡ ತೂತು ಎಫ್‌ಐಆರಿನಲ್ಲೇ ಇದೆ. ಮಾರ್ಗಸೂಚಿ ಎಫ್‌ಐಆರ್ ಆಗಬೇಕು ಅನ್ನುತ್ತದೆ. ಆಗುತ್ತದೆ, ಆದರೆ ಯಾರ ಮೇಲೆ? ಗುಂಡು ತಿಂದವನ ಮೇಲೆ. ಪೊಲೀಸರ ಕೊಲೆಗೆ ಯತ್ನ, ಕರ್ತವ್ಯಕ್ಕೆ ಅಡ್ಡಿ. ಗುಂಡು ಹಾರಿಸಿದವರು ದೂರುದಾರರು. ಅವನು ಸತ್ತಿದ್ದರೆ ‘ಆರೋಪಿ ಮೃತ’ ಅಂತ ಕೇಸು ಅಬೇಟ್ ಆಗುತ್ತದೆ, ಅಂದರೆ ಅಲ್ಲಿಗೇ ನಿಂತುಹೋಗುತ್ತದೆ, ಕಡತಕ್ಕೆ ದಾರ ಬಿಗಿಯುತ್ತಾರೆ. ಬದುಕಿದ್ದರೆ ಅವನು ಕಟಕಟೆಯಲ್ಲಿ ನಿಲ್ಲುತ್ತಾನೆ, ಅವನ ವಕೀಲ ಚುರುಕಿದ್ದರೆ ಮಾತ್ರ ಗುಂಡಿನ ವಿಷಯ ಬಾಯಿಗೆ ಬರುತ್ತದೆ. ಇದಕ್ಕೇ ಸುಪ್ರೀಂ ಕೋರ್ಟ್ ತನಿಖೆಯನ್ನು ಸಿಐಡಿಗೋ ಬೇರೆ ಠಾಣೆಯ ತಂಡಕ್ಕೋ ಕೊಡಿ ಎಂದದ್ದು, ಗುಂಡು ಹಾರಿಸಿದ ತಂಡದ ಮುಖ್ಯಸ್ಥನಿಗಿಂತ ಒಂದು ಹಂತವಾದರೂ ಮೇಲಿನವರ ಉಸ್ತುವಾರಿ ಇರಲಿ ಎಂದದ್ದು. ಸಾವಾಗಿದ್ದರೆ ಮರಣೋತ್ತರ ಪರೀಕ್ಷೆ ಇಬ್ಬರು ವೈದ್ಯರಿಂದ, ವಿಡಿಯೊ ಸಮೇತ. ಮ್ಯಾಜಿಸ್ಟ್ರೇಟ್ ವಿಚಾರಣೆ ಕಡ್ಡಾಯ. ಮಾರ್ಗಸೂಚಿ ಪಾಲನೆಯಾಗಿಲ್ಲ ಅನ್ನಿಸಿದರೆ ಸತ್ತವರ ಮನೆಯವರು ನೇರ ಸೆಷನ್ಸ್ ನ್ಯಾಯಾಧೀಶರಿಗೆ ದೂರು ಕೊಡಬಹುದು. ಈ ಕೊನೆಯದು ಬಹಳ ಜನಕ್ಕೆ ಗೊತ್ತೇ ಇಲ್ಲ.

ಎರಡನೇ ತೂತು ಅನುಮತಿ. ಪೊಲೀಸರ ಮೇಲೆ ಮೊಕದ್ದಮೆ ನಡೆಸಲು ಸರ್ಕಾರದ ಅನುಮತಿ ಬೇಕಾಗುತ್ತದೆ. ನಮ್ಮಲ್ಲಿ ಕರ್ನಾಟಕ ಪೊಲೀಸ್ ಕಾಯ್ದೆಯ 170ನೇ ಕಲಮಿನ ರಕ್ಷಣೆಯೂ ಇದೆ. ನಮ್ಮದೇ ರಾಜ್ಯದ ಅಧಿಕಾರಿಯೊಬ್ಬರ ಪ್ರಕರಣದಲ್ಲಿ, ಕರ್ತವ್ಯಕ್ಕೆ ಸಂಬಂಧವಿದ್ದರೆ ಅತಿರೇಕಕ್ಕೂ ಈ ರಕ್ಷಣೆ ಸಿಗುತ್ತದೆ ಎಂದು 2020ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಹಿಂದೆ ಅನುಮತಿಯ ಕಡತ ಸಚಿವಾಲಯದ ಯಾವುದೋ ಮೇಜಿನ ಮೇಲೆ ವರ್ಷಗಟ್ಟಲೆ ಮಲಗಿರುತ್ತಿತ್ತು. ಈಗ ಸುರಕ್ಷಾ ಸಂಹಿತೆಯ 218ರ ಪ್ರಕಾರ 120 ದಿನದೊಳಗೆ ಸರ್ಕಾರ ತೀರ್ಮಾನಿಸದಿದ್ದರೆ ಅನುಮತಿ ಸಿಕ್ಕಿದಂತೆಯೇ. ಹೊಸ ಕಾನೂನಿನಲ್ಲಿ ನನಗೆ ಮೆಚ್ಚುಗೆಯಾದ ಕೆಲವೇ ಸಂಗತಿಗಳಲ್ಲಿ ಇದೊಂದು.

ಮೂರನೆಯದು ನಿಮ್ಮ ತಮ್ಮನಂಥವರಿಗೇ ಆಗುವ ಅನ್ಯಾಯ. ಹೊಣೆ ಯಾವಾಗಲೂ ಟ್ರಿಗರ್ ಮೇಲಿದ್ದ ಬೆರಳಿಗೆ ಬಂದು ನಿಲ್ಲುತ್ತದೆ. ನಾಲ್ಕು ಗಂಟೆಗೆ ಇಬ್ಬರನ್ನೇ ಕರೆದುಕೊಂಡು ಹೊರಡು ಎಂದ ಮೇಲಧಿಕಾರಿ ಎಲ್ಲೂ ಕಾಣುವುದಿಲ್ಲ. ಲಂಡನ್ನಿನಲ್ಲಿ 2005ರ ಜುಲೈ 22ರಂದು ಬಾಂಬರ್ ಎಂದು ತಪ್ಪು ತಿಳಿದು ಬ್ರೆಜಿಲಿನ ಎಲೆಕ್ಟ್ರಿಷಿಯನ್ ಒಬ್ಬನ ತಲೆಗೆ ಪೊಲೀಸರು 7 ಗುಂಡು ಹೊಡೆದರು. ಅವನು ಮನೆಯಿಂದ ಹೊರಬಂದಾಗ ನಿಗಾಕ್ಕೆ ಕೂತಿದ್ದವನು ಮೂತ್ರಕ್ಕೆ ಹೋಗಿದ್ದ, ಹಾಗಾಗಿ ಕ್ಯಾಮೆರಾ ಚಾಲೂ ಮಾಡಲಾಗಲಿಲ್ಲ. ಬಂದೂಕುಧಾರಿ ತಂಡ ತಡವಾಗಿ ಬಂತು. ಬರುವಾಗ ಅವರ ತಲೆಯಲ್ಲಿ ‘ಇವನೇ’ ಎಂಬ ಮಾತು ಆಗಲೇ ಕೂತಿತ್ತು. ಗುಂಡು ಹಾರಿಸಿದ ಯಾರ ಮೇಲೂ ಮೊಕದ್ದಮೆ ನಡೆಯಲಿಲ್ಲ, ಅದು ಆ ಕುಟುಂಬಕ್ಕೆ ಆರದ ಗಾಯ. ಆದರೆ 2007ರಲ್ಲಿ ಇಡೀ ಲಂಡನ್ ಪೊಲೀಸ್ ಇಲಾಖೆಯೇ ಕೆಲಸದ ಜಾಗದ ಆರೋಗ್ಯ ಮತ್ತು ಸುರಕ್ಷತೆಯ ಕಾಯ್ದೆಯಡಿ ತಪ್ಪಿತಸ್ಥ ಎಂದಾಯಿತು, 1,75,000 ಪೌಂಡ್ ದಂಡ ಬಿತ್ತು. ಯೋಜನೆಯೇ ಕೆಟ್ಟಿತ್ತು ಎಂದು ಸಂಸ್ಥೆಗೆ ಶಿಕ್ಷೆ ಕೊಟ್ಟ ಅಂಥದ್ದೊಂದು ತೀರ್ಪನ್ನು ನಮ್ಮಲ್ಲಿ ನಾನಂತೂ ಕಂಡಿಲ್ಲ.

ನನ್ನ ಎರಡು ಕೇಸುಗಳನ್ನು ಹೇಳಿ ನಿಮ್ಮ ತಮ್ಮನ ವಿಷಯಕ್ಕೆ ಬರುತ್ತೇನೆ. ಊರು, ಹೆಸರು ಬೇಡ. ಒಂದರಲ್ಲಿ ನಾನು ಕಾಲಿಗೆ ಗುಂಡು ತಿಂದವನ ವಕೀಲ. ಮಹಜರಿನಲ್ಲಿ ಹಲ್ಲೆ ನಡೆದದ್ದು 5 ಗಂಟೆ 40 ನಿಮಿಷಕ್ಕೆ. ಆಸ್ಪತ್ರೆಯ ರಿಜಿಸ್ಟರ್ ತರಿಸಿ ನೋಡಿದರೆ ಗಾಯಾಳು ಕಾನ್‌ಸ್ಟೆಬಲ್ ಮುಂಗೈಗೆ ಪಟ್ಟಿ ಕಟ್ಟಿಸಿಕೊಂಡದ್ದು 5 ಗಂಟೆ 15ಕ್ಕೆ. ಹಲ್ಲೆಗೆ ಮುಂಚೆಯೇ ಚಿಕಿತ್ಸೆ! ಪಿಎಸ್‌ಐ ಸಾಕ್ಷಿಕಟ್ಟೆಯಲ್ಲಿ ನೀರು ಕೇಳಿದರು. ಇನ್ನೊಂದರಲ್ಲಿ ನಾನು ಗುಂಡು ಹಾರಿಸಿದ ಅಧಿಕಾರಿಯ ಪರ. ಹುಡುಗ, ಸೇವೆಗೆ ಸೇರಿ ಮೂರು ವರ್ಷ. ತನ್ನ ಹೇಳಿಕೆಯಲ್ಲಿ ತಾನೇ ಬರೆದಿದ್ದ: ‘ಎರಡು ಗುಂಡು ಹಾರಿಸಿದ ನೆನಪು. ಆಮೇಲೆ ಮ್ಯಾಗಜೀನ್ ನೋಡಿದಾಗ ಮೂರು ಹೋಗಿತ್ತು. ಮೂರನೆಯದು ಯಾವಾಗ ಹಾರಿತೋ ಗೊತ್ತಿಲ್ಲ. ನನಗೆ ಬಹಳ ಹೆದರಿಕೆಯಾಗಿತ್ತು.’ ಮೇಲಿನವರು ಅದನ್ನು ತಿದ್ದಲು ಹೇಳಿದ್ದರಂತೆ, ಈತ ತಿದ್ದಲಿಲ್ಲ. ಭಯದಲ್ಲಿ ಕಿವಿ ಮಂದವಾಗುತ್ತದೆ, ದೃಷ್ಟಿ ಕಿರಿದಾಗುತ್ತದೆ, ಎಣಿಕೆ ತಪ್ಪುತ್ತದೆ. ಆ ತಪ್ಪಿದ ಎಣಿಕೆಯೇ ಅವನನ್ನು ಉಳಿಸಿತು. ನ್ಯಾಯಾಧೀಶರು ಆ ಸಾಲನ್ನು ಎರಡು ಸಲ ಓದಿಸಿಕೊಂಡರು.

ಹಾಗಾಗಿ ನಿಮ್ಮ ತಮ್ಮನಿಗೆ ಹೇಳಿ: ನೆನಪಿದ್ದಷ್ಟೇ ಬರೆಯಲಿ, ನೆನಪಿಲ್ಲದ್ದನ್ನು ‘ನೆನಪಿಲ್ಲ’ ಎಂದೇ ಬರೆಯಲಿ. ಠಾಣೆಯ ರೈಟರ್ ಹಳೆಯ ಕೇಸಿನಿಂದ ಎತ್ತಿ ಬರೆದ ಹೇಳಿಕೆಗೆ ರುಜು ಹಾಕುವುದು ಬೇಡ. ಗಾಳಿಯಲ್ಲಿ ಗುಂಡು ಹಾರಿಸಿದ್ದರೆ ಹಾರಿಸಿದೆ ಎನ್ನಲಿ, ಇಲ್ಲದಿದ್ದರೆ ಪದ್ಧತಿ ಅಂತ ಸೇರಿಸುವುದು ಬೇಡ, ಖಾಲಿ ತೋಟಾಗಳ ಲೆಕ್ಕ ವಿಧಿವಿಜ್ಞಾನ ಪ್ರಯೋಗಾಲಯವಾದ ಎಫ್‌ಎಸ್‌ಎಲ್‌ನಲ್ಲಿ ಸಿಗುತ್ತದೆ. ಪಿಸ್ತೂಲು ಯಾವಾಗ, ಯಾರ ಕೈಗೆ ಒಪ್ಪಿಸಿದೆ ಎಂಬ ರಸೀದಿ, ಹೊರಡುವಾಗ ಠಾಣಾ ದಿನಚರಿಯಲ್ಲಿ ಆದ ನಮೂದು, ಆಂಬುಲೆನ್ಸಿಗೆ ಮಾಡಿದ ಕರೆಯ ಸಮಯ, ಇವಿಷ್ಟರ ಪ್ರತಿ ಅವರ ಕೈಯಲ್ಲಿರಲಿ. ಪೊದೆಯಲ್ಲಿದ್ದ ಮಚ್ಚಿನ ಬಗ್ಗೆ ‘ಇದ್ದದ್ದು ಚಿಕ್ಕದಾಯಿತು, ದೊಡ್ಡದು ಇಡೋಣ’ ಅನ್ನುವ ಹಿತೈಷಿ ಯಾರಾದರೂ ಬಂದರೆ ಕನಾಟ್ ಪ್ಲೇಸ್ ಅಂತ ಒಂದು ಮಾತು ಹೇಳಿದರೆ ಸಾಕು. ಇಲಾಖೆಯ ವಕೀಲರ ಜೊತೆಗೆ ತಮ್ಮದೇ ವಕೀಲರೊಬ್ಬರನ್ನು ನೋಡಲಿ. ಇಲಾಖೆಯ ಹಿತವೂ ಅವರ ಹಿತವೂ ಎಲ್ಲ ಹೊತ್ತಿನಲ್ಲೂ ಒಂದೇ ಆಗಿರುವುದಿಲ್ಲ.

ನಿದ್ದೆಯ ವಿಷಯ ಬರೆದಿದ್ದೀರಿ. ಇದು ಕೇಳಿ ನಿಮಗೆ ಆಶ್ಚರ್ಯವಾಗಬಹುದು: 2014ರ ಅದೇ ಮಾರ್ಗಸೂಚಿಯಲ್ಲಿ ಗುಂಡು ಹಾರಿಸಿದ ಅಧಿಕಾರಿಯ ಮನೆಯವರ ಬಗ್ಗೆಯೂ ಒಂದು ಅಂಶವಿದೆ. ಘಟನೆಯ ಬಗ್ಗೆ ಅವರಿಗೆ ತಿಳಿಸಬೇಕು, ವಕೀಲರ ಅಥವಾ ಆಪ್ತಸಮಾಲೋಚನೆಯ ನೆರವು ಬೇಕಿದ್ದರೆ ಒದಗಿಸಬೇಕು ಎಂದು. ನಿಮಗಾಗಲಿ ಅವರ ಹೆಂಡತಿಗಾಗಲಿ ಯಾರಾದರೂ ಹೇಳಿದರಾ? ಹೇಳಿರಲಾರರು. ಎಸ್‌ಪಿ ಕಚೇರಿಗೆ ಒಂದು ಅರ್ಜಿ ಬರೆದು ಕೇಳಿ. ಅದು ಅವಮಾನವಲ್ಲ, ತೀರ್ಪಿನಲ್ಲಿ ಬರೆದಿರುವ ಹಕ್ಕು.

ಸನ್ಮಾನಕ್ಕೆ ಹೋಗಬೇಡಿ ಅನ್ನಿ. ಶೌರ್ಯ ಸಂಶಯಾತೀತವಾಗಿ ಸ್ಥಾಪಿತವಾಗುವವರೆಗೆ ತಕ್ಷಣದ ಬಹುಮಾನ, ಸರದಿ ತಪ್ಪಿಸಿದ ಬಡ್ತಿ ಕೊಡಬಾರದು ಎಂದು ಅದೇ ಮಾರ್ಗಸೂಚಿ ಇಲಾಖೆಗೆ ಹೇಳುತ್ತದೆ. ಬಡಾವಣೆಯ ಸಂಘಕ್ಕೆ ಆ ನಿಯಮ ಅನ್ವಯಿಸದು, ಆದರೆ ಅವರು ತೆಗೆಯುವ ಫೋಟೊ ಅನ್ವಯಿಸುತ್ತದೆ. ಮೈಸೂರು ಪೇಟ, ಏಲಕ್ಕಿ ಹಾರ, ಕೈಯಲ್ಲಿ ಹಣ್ಣಿನ ಬುಟ್ಟಿ. ಮೂರು ವರ್ಷದ ನಂತರ ಎದುರು ವಕೀಲ ಅದನ್ನು ದೊಡ್ಡದು ಮಾಡಿಸಿ ತಂದು, ‘ಬಹಳ ಹೆದರಿಕೆಯಾಗಿತ್ತು ಅಂದಿರಲ್ಲ, ಆ ಭಾನುವಾರ ನಗುತ್ತಿರುವುದು ನೀವೇ ತಾನೆ?’ ಅಂತ ಕೇಳುತ್ತಾನೆ. ನಾನಾಗಿದ್ದರೆ ಕೇಳುತ್ತಿದ್ದೆ. ತನಿಖೆ ಮುಗಿದ ಮೇಲೆ ನೋಡೋಣ ಅಂತ ಸಂಘದವರಿಗೆ ನೀವೇ ಫೋನು ಮಾಡಿ ಹೇಳಿಬಿಡಿ, ನಿಮ್ಮ ತಮ್ಮನಿಗೆ ಹೇಳಲು ಸಂಕೋಚವಾದೀತು.